ಕೂಟಶಾಸನದಿಂದ ಓಟಿಪಿವರೆಗೆ: ನಮ್ಮ ಹೆಸರಲ್ಲಿ ಬೇರೆಯವರ ವ್ಯಾಪಾರ

ಭಾಗ 1/8
ಈ ಸಲದ ಸರಣಿಯಲ್ಲಿ ಕೋಟೆ ಇಲ್ಲ, ಯುದ್ಧ ಇಲ್ಲ. ನಿಮ್ಮ ಫೋನಿನೊಳಗ ಕುಂತಿರೋ ಶಾಪಿಂಗ್ ಆ್ಯಪಿನ ಇತಿಹಾಸ ಇದು. ಎಂಟು ಭಾಗ ಐತಿ, ಸಾವಕಾಶ ಓದ್ರಿ.

ಹಿಂಗ ಅಂದುಕೊಳ್ರಿ. ನೀವು ಶಿಗ್ಗಾವಿಯಲ್ಲಿ ಪಿಯುಸಿ ಓದ್ತೀರಿ. ಮನೆಯವರಿಗೆಲ್ಲ ಸೇರಿ ಒಂದೇ ಶಾಪಿಂಗ್ ಖಾತೆ, ಅದು ಅಪ್ಪನ ನಂಬರಿನ ಮೇಲಿದೆ. ಒಂದು ಮುಂಜಾನೆ ಮೆಸೇಜ್ ಬರುತ್ತದೆ: ನಿಮ್ಮ ಮೊಬೈಲ್ ಫೋನ್ ಆರ್ಡರ್ ತಲುಪಿದೆ. ಆರ್ಡರ್ ಮಾಡಿದವರು ನೀವಲ್ಲ. ತಲುಪಿದ್ದು ನೀವು ಕಂಡು ಕೇಳದ ಊರಿಗೆ. ಲಾಗಿನ್ ಆಗೋಕೆ ಹೋದರೆ ಪಾಸ್‌ವರ್ಡ್ ತಪ್ಪು. ಇಮೇಲ್ ಬದಲಾಗಿದೆ. ಗಿಫ್ಟ್ ಕಾರ್ಡಿನ ದುಡ್ಡು ಖಾಲಿ. ಆಮೇಲೆ ಕೊಡೋ ಸಾಲದ ಮಿತಿಯೂ ಖಾಲಿ.

ಗ್ರಾಹಕ ಸೇವೆಗೆ ಬರೀತೀರಿ. ಚಾಟ್‌ನಲ್ಲಿರೋ ಯಂತ್ರ ವಿಷಾದ ವ್ಯಕ್ತಪಡಿಸುತ್ತದೆ. ಮುಂದಿನ ಸಾಲು ಓದಿದರೆ ತಲಿ ತಿರುಗಬೇಕು: ದಯವಿಟ್ಟು ನೋಂದಾಯಿತ ಇಮೇಲ್‌ನಿಂದಲೇ ದೂರು ಕಳಿಸಿ. ಆದರೆ ಈಗ ನೋಂದಾಯಿತ ಇಮೇಲ್ ಅಂದ್ರ ಕಳ್ಳನ ಇಮೇಲ್!

ಅಂದರೆ ಕಂಪನಿಯ ಲೆಕ್ಕದಲ್ಲಿ ಕಳ್ಳನೇ ಗಿರಾಕಿ, ನೀವು ಯಾರೋ ದಾರಿಹೋಕರು.

ಇಲ್ಲಿ ಎರಡು ಪ್ರಶ್ನೆ ಏಳ್ತಾವ. ಒಂದು, ನಾನು ನಾನೇ ಅಂತ ತೋರಿಸೋದು ಹೆಂಗ? ಎರಡು, ನನ್ನ ಹೆಸರಲ್ಲಿ ಬೇರೆಯವರು ಮೋಸ ಮಾಡಿದ್ರ ಆ ನಷ್ಟ ಯಾರ ತಲೆಗೆ? ಇವೆರಡೂ ಇಂಟರ್‌ನೆಟ್ ಹುಟ್ಟಿಸಿದ ಪ್ರಶ್ನೆಗಳು ಅಂತ ನಾವು ತಿಳಿದಿದ್ದೇವೆ. ನಮ್ಮ ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದ ಕಾಲಕ್ಕೇ ಇವು ಹಳೇ ಪ್ರಶ್ನೆಗಳಾಗಿದ್ದವು.

ಭಾಗ 2/8
ಹಾನಗಲ್ಲಿನ ತಾರಕೇಶ್ವರ ಗುಡಿಗೆ ನಿಮ್ಮಲ್ಲಿ ಬಹಳ ಮಂದಿ ಹೋಗಿದ್ದೀರಿ. ಚಾವಣಿಯ ಕಮಲದ ಕೆಳಗೆ ನಿಂತು ಫೋಟೋನೂ ಹಾಕಿದ್ದೀರಿ. ಮುಂದಿನ ಸಲ ಹೋದಾಗ ಅಲ್ಲಿನ ಶಾಸನದ ಕಲ್ಲುಗಳನ್ನೂ ನೋಡ್ರಿ.

ಹಳೇ ಕಾಲದಲ್ಲಿ ರಾಜ ಭೂಮಿ ದಾನ ಕೊಟ್ಟರೆ ಅದನ್ನು ಬರೆಸುವುದಕ್ಕೆ ಎರಡು ದಾರಿ ಇದ್ದವು. ಒಂದು ಕಲ್ಲು, ಇನ್ನೊಂದು ತಾಮ್ರದ ಹಲಗೆ. ಕಲ್ಲು ಗುಡಿಯ ಮುಂದೆ ನಿಲ್ಲುತ್ತಿತ್ತು. ಎಷ್ಟು ಮತ್ತರು ಭೂಮಿ, ಯಾವ ಕಡೆ ಯಾವ ಗಡಿ ಅನ್ನೋದು ಊರಿಗೆಲ್ಲ ಗೊತ್ತು. ತಾಮ್ರಪಟ ಹಂಗಲ್ಲ. ಅದು ದಾನ ಪಡೆದವರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಬಾಯಿಗೆ ರಾಜಮುದ್ರೆ ಒತ್ತುತ್ತಿದ್ದರು. ಚಾಲುಕ್ಯರದಾದರೆ ವರಾಹ. ಆ ಮುದ್ರೆಯೇ ಅವತ್ತಿನ ಪಾಸ್‌ವರ್ಡ್.

ಮುದ್ರೆ ಇದ್ದಲ್ಲಿ ಕಳ್ಳಮುದ್ರೆಯೂ ಬಂತು. ರಾಜ ಕೊಡದೇ ಇದ್ದ ಭೂಮಿಯನ್ನು ಕೊಟ್ಟಂತೆ ಬರೆದು, ಹಳೇ ರಾಜನ ಹೆಸರು ಹಾಕಿ ತಾಮ್ರಪಟ ಹುಟ್ಟಿಸುವವರಿದ್ದರು. ಇದಕ್ಕೆ ಕೂಟಶಾಸನ ಅನ್ನುತ್ತಾರೆ. ಮನುಸ್ಮೃತಿ ಇಂಥ ಕೆಲಸಕ್ಕೆ ಮರಣದಂಡನೆ ಹೇಳುತ್ತದೆ. ಆದರೂ ನಿಲ್ಲಲಿಲ್ಲ. ನಮ್ಮ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಜೆ.ಎಫ್. ಫ್ಲೀಟ್, ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಖೊಟ್ಟಿ ಅಂತ ವಾದಿಸಿದ.

ಖೊಟ್ಟಿ ಅಂತ ಹಿಡಿಯೋದು ಹೆಂಗ? ತೇದಿ ಒಂದು ಶತಮಾನದ್ದು, ಅಕ್ಷರದ ರೂಪ ಇನ್ನೊಂದು ಶತಮಾನದ್ದು. ವಾರ, ತಿಥಿ ಲೆಕ್ಕ ಹಾಕಿದರೆ ಕೂಡೋದಿಲ್ಲ. ಭಾಷೆ ತಪ್ಪು. ಇವತ್ತು ಮೋಸದ ಲಿಂಕ್ ಗುರುತಿಸುವಾಗ ನಾವು ಮಾಡೋದೂ ಅದೇ: ವೆಬ್‌ಸೈಟಿನ ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಇದೆಯಾ ಅಂತ ನೋಡ್ತೀವಿ.

ಒಂದು ಮಾತು ನೆನಪಿಡಿ, ಕೊನೆಗೆ ಬೇಕಾಗುತ್ತದೆ. ಊರ ಮುಂದೆ ನಿಂತ ಕಲ್ಲಿಗಿಂತ ಪೆಟ್ಟಿಗೆಯಲ್ಲಿದ್ದ ತಾಮ್ರವನ್ನು ಖೊಟ್ಟಿ ಮಾಡೋದು ಸುಲಭವಾಗಿತ್ತು. ಯಾಕಂದ್ರ ಕಲ್ಲಿಗೆ ಸಾಕ್ಷಿ ಇದ್ದರು.

ಭಾಗ 3/8
ಈಗ ಹಾನಗಲ್ಲಿನಿಂದ ಕಲ್ಯಾಣಕ್ಕೆ ಹೋಗೋಣ, ಇವತ್ತಿನ ಬಸವಕಲ್ಯಾಣ. ಆರನೇ ವಿಕ್ರಮಾದಿತ್ಯ ಆಳಿದ ಕಾಲ, 1076ರಿಂದ 1126. ಹಾನಗಲ್ಲಿನ ಕದಂಬರು ಆಗ ಈ ಚಾಲುಕ್ಯರ ಅಧೀನದಲ್ಲಿದ್ದವರು. ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಆಸ್ತಿ ಹಂಚಿಕೆಯ ವಿಷಯದಲ್ಲಿ ಬ್ರಿಟಿಷರ ಕೋರ್ಟುಗಳೂ ಅದನ್ನು ಮುಂದಿಟ್ಟುಕೊಂಡೇ ತೀರ್ಪು ಕೊಟ್ಟವು. ಪರೀಕ್ಷೆಗೆ ನಾವು ಅಷ್ಟೇ ಓದ್ತೀವಿ. ಆದರೆ ಅದರಲ್ಲಿ ಸಾಲ, ಪತ್ರ, ವ್ಯಾಪಾರ, ಕಳ್ಳತನದ ವಿಚಾರವೂ ಐತಿ.

ಮೂರು ನಿಯಮ ನೋಡ್ರಿ.

ಮೊದಲನೇದು, ಸಾಲಪತ್ರ. ಪತ್ರ ಬರೆದಾದ ಮೇಲೆ ಸಾಲ ಪಡೆದವನು ತನ್ನ ಕೈಯಾರೆ, ಇಂಥವರ ಮಗನಾದ ನನಗೆ ಮೇಲೆ ಬರೆದದ್ದು ಒಪ್ಪಿಗೆ ಅಂತ ಬರೆಯಬೇಕು. ಸಾಕ್ಷಿಗಳೂ ತಮ್ಮ ತಂದೆಯ ಹೆಸರು ಹಾಕಿ ತಮ್ಮ ಕೈಯಲ್ಲೇ ಬರೆಯಬೇಕು. ಪತ್ರ ಒಂದು ಹಂತ, ಕೈಬರಹ ಇನ್ನೊಂದು, ಸಾಕ್ಷಿ ಮತ್ತೊಂದು. ನಾವು ಎರಡು ಹಂತದ ದೃಢೀಕರಣ ಅಂತ ಈಗ ಹೇಳ್ತೀವಲ್ಲ, ಆ ವಿಚಾರವೇ ಇದು.

ಎರಡನೇದು, ದುಡ್ಡು ತಗೊಂಡು ಮಾಲು ಕೊಡದ ವ್ಯಾಪಾರಿ. ಅವನು ಮಾಲನ್ನು ಲಾಭ ಸೇರಿಸಿ ಕೊಡಬೇಕು. ಕೊಂಡವನು ಪರಊರಿನವನಾಗಿದ್ದರೆ, ಆ ಊರಲ್ಲಿ ಮಾರಿದ್ದರೆ ಬರುತ್ತಿದ್ದ ಲಾಭವನ್ನೂ ಕೊಡಬೇಕು. ದೂರದ ಗಿರಾಕಿಗೆ ಆಗೋ ನಷ್ಟ ಹೆಚ್ಚು ಅನ್ನೋದು ಅವರಿಗೆ ಗೊತ್ತಿತ್ತು.

ಮೂರನೇದು ನನಗೆ ಬಹಳ ಹಿಡಿಸಿದ್ದು. ಕಳ್ಳರು ಒಯ್ದ ವಸ್ತುವನ್ನು ರಾಜ ಪ್ರಜೆಗೆ ವಾಪಸ್ ಕೊಡಿಸಬೇಕು. ಗೌತಮನ ಧರ್ಮಸೂತ್ರ ಇನ್ನೂ ಮುಂದೆ ಹೋಗಿ, ಬೇಕಾದರೆ ತನ್ನ ಖಜಾನೆಯಿಂದ ಕೊಡಲಿ ಅನ್ನುತ್ತದೆ.

ಎಲ್ಲ ರಾಜರೂ ಹಿಂಗ ಕೊಟ್ಟರು ಅಂತ ನಾನು ಹೇಳ್ತಿಲ್ಲ. ಶಾಸ್ತ್ರದಲ್ಲಿ ಇರೋದೆಲ್ಲ ನೆಲದ ಮೇಲೆ ನಡೆಯಲ್ಲ, ಇವತ್ತಿನ ಕಾನೂನಿನ ಕಥೆಯೂ ಅಷ್ಟೇ. ಆದರೆ ವಿಚಾರ ನೋಡ್ರಿ: ಕಾವಲಿಗೆ ಅಂತ ತೆರಿಗೆ ತಗೊಂಡವನು ಕಳವಿಗೂ ಉತ್ತರ ಕೊಡಬೇಕು.

ಭಾಗ 4/8
ನಮ್ಮ ಅಜ್ಜ ಅಜ್ಜಿಯರ ಕಾಲದ ಖಾತೆ ಅಂದರೆ ಕಿರಾಣಿ ಅಂಗಡಿಯ ಕೆಂಪು ಬಟ್ಟೆಯ ಪುಸ್ತಕ. ಉದ್ರಿ ಬರೆಸೋದು, ಸುಗ್ಗಿಗೆ ತೀರಿಸೋದು. ಸವಣೂರಿನ ಎಲೆ ವ್ಯಾಪಾರ ಇರಲಿ, ಹಿರೇಕೆರೂರಿನ ಹತ್ತಿ ಇರಲಿ, ಅಂಗಡಿಯವರಿಗೆ ಗಿರಾಕಿಯ ಮುಖ ಗೊತ್ತು, ಹೊಲ ಗೊತ್ತು, ಬೀಗರ ಊರೂ ಗೊತ್ತು. ನಿಮ್ಮ ಹೆಸರು ಹೇಳಿ ಬೇರೆ ಯಾರೋ ಸಕ್ಕರೆ ಒಯ್ಯೋಕೆ ಆಗ್ತಿರಲಿಲ್ಲ. ತೂಕದಲ್ಲಿ ಮೋಸ ಇತ್ತು, ಬಡ್ಡಿಯಲ್ಲಿ ಮೋಸ ಇತ್ತು, ಆ ಕಾಲವನ್ನು ಬಹಳ ಹೊಗಳೋದು ಬೇಡ. ಆದರೆ ಜಗಳ ಮಾಡೋಕೆ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕುಂತಿರ್ತಿದ್ದ.

ಮುಖ ನೋಡದೇ ಕೊಳ್ಳೋದು ನಮ್ಮಲ್ಲಿ ಶುರುವಾಗಿದ್ದು ಅಂಚೆಯಿಂದ. 1877ರಲ್ಲಿ ಭಾರತದ ಅಂಚೆ ಇಲಾಖೆ ವ್ಯಾಲ್ಯೂ ಪೇಯಬಲ್ ಪೋಸ್ಟ್ ತಂತು, ನಮ್ಮ ಹಿರಿಯರ ಬಾಯಲ್ಲಿ ವಿ.ಪಿ. ಪಾರ್ಸೆಲ್. ಪೋಸ್ಟ್‌ಮನ್ ಮನೆಗೆ ಪಾರ್ಸೆಲ್ ತರ್ತಾನೆ, ನೀವು ದುಡ್ಡು ಕೊಟ್ಟು ಬಿಡಿಸಿಕೊಳ್ತೀರಿ, ಅಂಚೆ ಆ ದುಡ್ಡನ್ನು ಮಾರಿದವರಿಗೆ ಮುಟ್ಟಿಸುತ್ತದೆ. ಕ್ಯಾಶ್ ಆನ್ ಡೆಲಿವರಿಯ ಮುತ್ತಜ್ಜ ಇದು. 1880ರಲ್ಲಿ ಮನಿಯಾರ್ಡರ್ ಬಂತು.

ನಮ್ಮ ಜಿಲ್ಲೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಕನ್ನಡ ಕಾದಂಬರಿಗೆ ಓದುಗರನ್ನು ಹುಟ್ಟಿಸಿದವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೇ ಬಾಗಿಲಿಗೆ ಬಂದರೆ ಗಿರಾಕಿಗೆ ಸಂಶಯ ಎಲ್ಲಿಂದ ಬರಬೇಕು?

ವಿ.ಪಿ.ಯಲ್ಲಿ ಸಂಶಯ ಇತ್ತು. ಪೊಟ್ಟಣ ಬಿಚ್ಚುವ ಮೊದಲೇ ದುಡ್ಡು ಕೊಡಬೇಕು. ಒಳಗೆ ಕಲ್ಲಿದ್ದರೂ ಪೋಸ್ಟ್‌ಮನ್ ಜವಾಬ್ದಾರ ಅಲ್ಲ. ಮಾರಿದವನು ದೂರದಲ್ಲಿ, ದುಡ್ಡು ಅವನ ಕೈಯಲ್ಲಿ, ದೂರು ನಮ್ಮ ಕೈಯಲ್ಲಿ. ಇವತ್ತಿನ ಆ್ಯಪ್ ವ್ಯಾಪಾರದಲ್ಲೂ ಇದೇ ಅಂತರ ಐತಿ. ಒಂದೇ ಫರಕು: ವಿ.ಪಿ. ಕಾಲದಲ್ಲಿ ಕಳ್ಳ ನಿಮ್ಮ ಹೆಸರು ಕದ್ದು ನಿಮ್ಮ ದುಡ್ಡಿನಲ್ಲಿ ಸಾಮಾನು ತರಿಸೋಕೆ ಆಗುತ್ತಿರಲಿಲ್ಲ. ಅದಕ್ಕೆ ಪಾಸ್‌ವರ್ಡ್ ಹುಟ್ಟಬೇಕಾಯಿತು.

ಭಾಗ 5/8
ಕಂಪ್ಯೂಟರ್ ಪಾಸ್‌ವರ್ಡಿನ ತವರುಮನೆ ಅಮೆರಿಕದ ಎಂಐಟಿ. 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳೋ ವ್ಯವಸ್ಥೆ ಕಟ್ಟಿತು. ಒಬ್ಬೊಬ್ಬರಿಗೆ ಇಷ್ಟಿಷ್ಟು ಗಂಟೆ ಅಂತ ಪಾಲು. ಅದಕ್ಕೇ ಪಾಸ್‌ವರ್ಡ್.

1962ರಲ್ಲೇ ಅದು ಕಳವಾಯಿತು! ಆ್ಯಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಸಮಯ ಸಾಲುತ್ತಿರಲಿಲ್ಲ. ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಪ್ರಿಂಟ್ ಮಾಡಿಸಿಕೊಂಡ. ಎಷ್ಟೋ ವರ್ಷದ ಮೇಲೆ ತಾನೇ ಇದನ್ನು ಹೇಳಿಕೊಂಡ. ಇಲ್ಲಿ ಗಮನಿಸ್ರಿ: ಪಾಸ್‌ವರ್ಡ್ ಕಳಕೊಂಡ ಬಳಕೆದಾರರ ತಪ್ಪು ಏನೂ ಇರಲಿಲ್ಲ. ಕಡತ ಇಟ್ಟುಕೊಂಡವರದು ತಪ್ಪು.

1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಒಂದು ಲೇಖನ ಬರೆದು ದಾರಿ ತೋರಿಸಿದರು. ಪಾಸ್‌ವರ್ಡನ್ನು ಹಂಗೇ ಇಡಬೇಡಿ, ಹಿಟ್ಟು ಬೀಸಿದಂತೆ ಬೀಸಿ ಇಡಿ ಅನ್ನೋದು ಅದರ ತಿರುಳು. ಹಿಟ್ಟಿನಿಂದ ಜೋಳ ವಾಪಸ್ ಬರೋದಿಲ್ಲ. ಆದರೆ ಕಳ್ಳ ಲಕ್ಷಾಂತರ ಸುಲಭ ಪಾಸ್‌ವರ್ಡುಗಳನ್ನು ತಾನೇ ಬೀಸಿ ನೋಡಿ ಹೋಲಿಸಬಹುದು. ನಿಮ್ಮ ಹೆಸರು ಮುಂದೆ 123 ಇದ್ದರೆ ಕ್ಷಣದಲ್ಲಿ ಸಿಕ್ಕಿತು.

ನಮ್ಮ ನಾಡಿನ ದೊಡ್ಡ ಉದಾಹರಣೆ 2020ರದು. ಬೆಂಗಳೂರಿನ ದಿನಸಿ ಆ್ಯಪ್ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಬಳಕೆದಾರರ ಮಾಹಿತಿ ಮಾರಾಟಕ್ಕಿದೆ ಅಂತ ಆ ವರ್ಷದ ನವೆಂಬರ್‌ನಲ್ಲಿ ಸೈಬಲ್ ಎಂಬ ಭದ್ರತಾ ಸಂಸ್ಥೆ ಬಹಿರಂಗಪಡಿಸಿತು. ಹೆಸರು, ಇಮೇಲ್, ಫೋನ್ ನಂಬರ್, ವಿಳಾಸ, ಬೀಸಿಟ್ಟ ಪಾಸ್‌ವರ್ಡ್ ಎಲ್ಲ ಅದರಲ್ಲಿತ್ತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಕಾರ್ಡಿನ ವಿವರ ತಾನು ಇಟ್ಟುಕೊಳ್ಳೋದಿಲ್ಲ ಅಂತ ಹೇಳಿತು. 2021ರ ಏಪ್ರಿಲ್‌ನಲ್ಲಿ ಆ ಕಡತ ಪುಕ್ಕಟೆಯಾಗಿಯೇ ಹೊರಬಿತ್ತು.

ದಿನಸಿ ಪಟ್ಟಿಯಿಂದ ಕಳ್ಳನಿಗೆ ಏನು ಲಾಭ? ನೀವು ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಇನ್ನೊಂದು ಶಾಪಿಂಗ್ ಆ್ಯಪಿಗೂ ಕೊಟ್ಟಿದ್ದರೆ ಆ ಬಾಗಿಲೂ ತೆರೆಯಿತು. ಒಂದು ಕಡೆ ಸೋರಿದ ಬೀಗದಕೈಯನ್ನು ಸಾವಿರ ಬಾಗಿಲಿಗೆ ಹಾಕಿ ನೋಡೋದು ಯಂತ್ರಕ್ಕೆ ಕಷ್ಟವಲ್ಲ. ಖಾತೆ ಕಳವಾಗುವ ಒಂದು ದೊಡ್ಡ ದಾರಿ ಇದು.

ಭಾಗ 6/8
ಆನ್‌ಲೈನ್ ವ್ಯಾಪಾರದಲ್ಲಿ ಕರ್ನಾಟಕದ ಪಾಲು ದೊಡ್ಡದು. 1999ರಲ್ಲಿ ಬೆಂಗಳೂರಿನಿಂದ ಫ್ಯಾಬ್‌ಮಾರ್ಟ್ ಶುರುವಾಯಿತು. 2007ರ ಅಕ್ಟೋಬರ್‌ನಲ್ಲಿ ಅದೇ ಊರಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು, ಪುಸ್ತಕ ಮಾರುವ ಅಂಗಡಿಯಾಗಿ. ಆಗ ಜನರಿಗೆ ಕಾರ್ಡ್ ನಂಬರ್ ಕೊಡೋಕೆ ಹೆದರಿಕೆ. 2010ರಲ್ಲಿ ಅವರು ಕ್ಯಾಶ್ ಆನ್ ಡೆಲಿವರಿ ತಂದರು. ವಿ.ಪಿ. ಪಾರ್ಸೆಲ್ ಹೊಸ ಅಂಗಿ ಹಾಕಿಕೊಂಡು ಬಂತು, ನಮ್ಮಂಥ ಊರುಗಳಿಗೂ ವ್ಯಾಪಾರ ಮುಟ್ಟಿತು.

ಇನ್ನೊಂದು ಕಡೆ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯ ಮಾಡಿತು. ಅದೇ ಮುಂದೆ ನಮ್ಮೆಲ್ಲರ ಓಟಿಪಿ ಆಯಿತು. ಆದರೆ ಆ್ಯಪಿನೊಳಗಿನ ಗಿಫ್ಟ್ ಕಾರ್ಡ್ ದುಡ್ಡು, ರಿವಾರ್ಡ್ ಅಂಕ, ಆಮೇಲೆ ಕೊಡೋ ಸಾಲ ಇವಕ್ಕೆಲ್ಲ ಕಾರ್ಡಿನಷ್ಟು ಗಟ್ಟಿ ಬೀಗ ಎಲ್ಲ ಕಡೆ ಇಲ್ಲ. ಕಳ್ಳ ಮೊದಲು ಕೈ ಹಾಕೋದು ಅಲ್ಲಿಗೇ.

ಗ್ರಾಹಕ ಸೇವೆಯ ಕಥೆ ಕೇಳ್ರಿ. 2000ದ ಆಸುಪಾಸಿನಲ್ಲಿ ಬೆಂಗಳೂರು ಕಾಲ್ ಸೆಂಟರುಗಳ ಊರಾಯಿತು. ನಮ್ಮ ಕಡೆಯ ಎಷ್ಟೋ ಪದವೀಧರರು ರಾತ್ರಿಯಿಡೀ ಎಚ್ಚರವಿದ್ದು ಅಮೆರಿಕದ ಗಿರಾಕಿಗಳ ತಕರಾರು ಕೇಳಿದರು. ಇವತ್ತು ಹಿರೇಕೆರೂರಿನ ಗಿರಾಕಿಯ ತಕರಾರಿಗೆ ಬಹಳ ಸಲ ಸಿಗೋದು ಇಂಗ್ಲಿಷಿನ ಚಾಟ್ ಯಂತ್ರ. ಫೋನ್ ನಂಬರ್ ಹುಡುಕಿದರೆ ಆ್ಯಪಿನ ಏಳನೇ ಪರದೆಯ ತಳದಲ್ಲೂ ಇರೋದಿಲ್ಲ.

ಇದರ ಕೆಟ್ಟ ಫಲ ಇಲ್ಲೈತಿ. ಅಪ್ಪ ಅಮ್ಮ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕ್ತಾರ. ಅಲ್ಲಿ ವಂಚಕರು ಹಾಕಿದ ನಂಬರ್ ಕಾಯ್ತಿರುತ್ತದೆ. ಆ ನಂಬರ್ ಮೊದಲ ರಿಂಗಿಗೇ ಎತ್ತುತ್ತದೆ, ಮರ್ಯಾದೆಯಿಂದ ಮಾತಾಡುತ್ತದೆ. ಹಣ ವಾಪಸ್ ಕೊಡ್ತೀವಿ, ಈ ಆ್ಯಪ್ ಇಳಿಸಿಕೊಳ್ಳಿ, ಓಟಿಪಿ ಹೇಳಿ ಅನ್ನುತ್ತದೆ. ಒಮ್ಮೆ ಕಳಕೊಂಡವರು ಎರಡನೇ ಸಲ ಕಳಕೊಳ್ಳೋದು ಹಿಂಗ. ಅಸಲಿ ಕಂಪನಿ ಫೋನ್ ಎತ್ತದೇ ಇದ್ದಾಗ ನಕಲಿಯವನು ಎತ್ತುತ್ತಾನೆ. ಅಷ್ಟು ಬುದ್ಧಿ ಇರಬಾರದೇ ಅಂತ ಅಪ್ಪನಿಗೆ ಬೈಯೋ ಮೊದಲು ಇದನ್ನ ಯೋಚಿಸ್ರಿ.

ಭಾಗ 7/8
ಈಗ ಎರಡನೇ ಪ್ರಶ್ನೆ, ನಷ್ಟ ಯಾರ ತಲೆಗೆ? ಕಾನೂನು ಇದಕ್ಕೆ ನಿಧಾನವಾಗಿ ಉತ್ತರ ಕಂಡುಕೊಂಡಿದೆ.

1986: ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ಗ್ರಾಹಕ ವೇದಿಕೆ ಬಂತು. ಆಗ ನಮ್ಮ ನಾಲ್ಕೂ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ.

2000: ಅಕ್ಟೋಬರ್ 17ರಿಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿ. ಮರುವರ್ಷವೇ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. ಈಗ ಹಾವೇರಿಯಲ್ಲೂ ಸಿಇಎನ್ ಠಾಣೆ ಐತಿ.

2008: ಆ ಕಾಯ್ದೆಗೆ ತಿದ್ದುಪಡಿ. ಬೇರೆಯವರ ಪಾಸ್‌ವರ್ಡ್, ಗುರುತು ಕದ್ದು ಬಳಸೋದಕ್ಕೆ 66ಸಿ, ಕಂಪ್ಯೂಟರ್ ಬಳಸಿ ಇನ್ನೊಬ್ಬರಂತೆ ನಟಿಸಿ ವಂಚಿಸೋದಕ್ಕೆ 66ಡಿ. ಎರಡಕ್ಕೂ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಕೂಟಶಾಸನದ ಇವತ್ತಿನ ಕಲಂ ಇವು.

2017: ಜುಲೈ 6ರಂದು ರಿಸರ್ವ್ ಬ್ಯಾಂಕಿನ ಸುತ್ತೋಲೆ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಮೂರನೆಯವರಿಂದ ಖಾತೆಯ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನವಾದರೆ ನಿಮ್ಮ ಹೊಣೆಗೆ ಮಿತಿ ಇದೆ. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡಬೇಕಾದದ್ದು ಬ್ಯಾಂಕ್. ನೀವೇ ಓಟಿಪಿ ಹೇಳಿಬಿಟ್ಟಿದ್ದರೆ? ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹಂಗಾಗಿ ನಾಚಿಕೆಯಿಂದ ಸುಮ್ಮನಿದ್ದ ಪ್ರತಿ ತಾಸಿಗೂ ಬೆಲೆ ಐತಿ.

2020: ಹೊಸ ಗ್ರಾಹಕ ಕಾಯ್ದೆ (2019ರದು) ಜುಲೈ 20ರಿಂದ ಜಾರಿಗೆ ಬರತೊಡಗಿತು, ಅದೇ ವಾರ ಇ-ಕಾಮರ್ಸ್ ನಿಯಮಗಳೂ ಬಂದವು. ಪ್ರತಿ ಆನ್‌ಲೈನ್ ಅಂಗಡಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕ ಪ್ರಕಟಿಸಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, 1 ತಿಂಗಳೊಳಗೆ ಪರಿಹಾರ. ಇನ್ನೊಂದು ದೊಡ್ಡ ಬದಲಾವಣೆ: ದೂರು ಕೊಡುವವರು ತಾವು ವಾಸಿಸೋ ಜಿಲ್ಲೆಯಲ್ಲೇ ಕೊಡಬಹುದು. ಕಂಪನಿಯ ಕಚೇರಿ ಎಲ್ಲೇ ಇರಲಿ, ಸವಣೂರಿನವರಿಗೆ ಹಾವೇರಿ ಸಾಕು. ಪರಊರಿನ ಗಿರಾಕಿಯ ಕಷ್ಟ ಮಿತಾಕ್ಷರದ ಕಾಲಕ್ಕೇ ಗೊತ್ತಿತ್ತು, ನಮ್ಮ ಕಾಯ್ದೆ ಅದನ್ನು ಈಗ ಒಪ್ಪಿಕೊಂಡಿದೆ.

ಭಾಗ 8/8
ಕೊನೆಯ ಭಾಗ. ಇದನ್ನ ಸೇವ್ ಮಾಡಿಟ್ಟುಕೊಳ್ರಿ.

ಖಾತೆ ಕಳವಾದ ಕೂಡಲೇ:

1. ಸ್ಕ್ರೀನ್‌ಶಾಟ್. ಆರ್ಡರ್ ಮೆಸೇಜ್, ಬದಲಾದ ಇಮೇಲಿನ ಸೂಚನೆ, ಚಾಟ್ ಉತ್ತರ, ದಿನ, ಸಮಯ ಎಲ್ಲ. ಇವು ನಿಮ್ಮ ಸಾಕ್ಷಿಗಳು.

2. ಇಮೇಲಿನ ಪಾಸ್‌ವರ್ಡ್ ಮೊದಲು ಬದಲಿಸಿ, ಆಮೇಲೆ ಆ್ಯಪಿನದು. ಇಮೇಲ್ ಕಳ್ಳನ ಕೈಲಿದ್ದರೆ ಉಳಿದದ್ದೆಲ್ಲ ಅವನದೇ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ದೃಢೀಕರಣ ಹಾಕಿ.

3. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹಾರೋ ಮೊದಲು ತಡೆಯೋ ಅವಕಾಶ ಹೆಚ್ಚು. ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. ನಂಬರನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಭಾಗದಿಂದಲೋ ತಗೊಳ್ರಿ, ಗೂಗಲ್‌ನಿಂದ ಬೇಡ.

4. ಚಾಟ್ ಯಂತ್ರದ ಜೊತೆ ಜಗಳ ಬೇಡ. ಆ್ಯಪಿನಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಹುಡುಕಿ ಅವರಿಗೇ ಬರೆಯಿರಿ. ನೋಂದಾಯಿತ ಇಮೇಲ್ ಕಳ್ಳನ ಕೈಯಲ್ಲಿದೆ, ಹಿಂದಿನ ಆರ್ಡರುಗಳ ಬಿಲ್ ನನ್ನ ಬಳಿ ಇವೆ ಅಂತ ಸ್ಪಷ್ಟವಾಗಿ ಬರೆಯಿರಿ. ಹಳೇ ಬಿಲ್ಲುಗಳೇ ನಿಮ್ಮ ಕೈಬರಹ.

5. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್.

6. ಅದಕ್ಕೂ ಬಗ್ಗದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ. ವಕೀಲರು ಕಡ್ಡಾಯ ಅಲ್ಲ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕ ಇಲ್ಲ. 2 ವರ್ಷದೊಳಗೆ ದೂರು ಕೊಡಬೇಕು. ಆನ್‌ಲೈನಿನಲ್ಲೂ ಕೊಡಬಹುದು.

ಎಲ್ಲಾ ದೂರಿಗೂ ಹಣ ವಾಪಸ್ ಬರುತ್ತದೆ ಅಂತ ಮಾತು ಕೊಡೋಕಾಗಲ್ಲ. ಆದರೆ ದೂರು ಕೊಡದೇ ಇದ್ದದ್ದು ಲೆಕ್ಕಕ್ಕೇ ಸಿಗೋದಿಲ್ಲ, ಅದರ ಲಾಭ ಕಳ್ಳನಿಗೂ ಉತ್ತರ ಕೊಡದ ಕಂಪನಿಗೂ.

ಎರಡನೇ ಭಾಗದ ಮಾತು ನೆನಪಿದೆಯಾ? ಪೆಟ್ಟಿಗೆಯಲ್ಲಿದ್ದ ತಾಮ್ರಕ್ಕಿಂತ ಊರ ಮುಂದಿನ ಕಲ್ಲು ಗಟ್ಟಿ. ಮೋಸ ಹೋದವರು ಬಾಯಿ ಮುಚ್ಚಿಕೊಂಡರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಹೇಳ್ರಿ, ಕ್ಲಾಸಿನಲ್ಲಿ ಹೇಳ್ರಿ, ಠಾಣೆಯಲ್ಲಿ ಬರೆಸ್ರಿ. ಮನೆಯಲ್ಲಿ ಯಾರಾದರೂ ಇಂಥದ್ದಕ್ಕೆ ಸಿಕ್ಕಿದ್ದರೆ ಮೊದಲು ಹತ್ತಿರ ಕುಂತು ಕೇಳ್ರಿ, ಆಮೇಲೆ 1930ಕ್ಕೆ ನೀವೇ ಫೋನ್ ಹಚ್ಚಿಕೊಡ್ರಿ.

ಮುಂದಿನ ಸರಣಿ: ಸವಣೂರಿನ ನವಾಬರು. ನಿಮ್ಮ ಪ್ರಶ್ನೆಗಳನ್ನ ಕೆಳಗೆ ಬರೀರಿ.

#ನಮ್ಮಹಾವೇರಿ #ಹಾನಗಲ್ #ಶಿಗ್ಗಾವಿ #ಸವಣೂರು #ಹಿರೇಕೆರೂರು #ಕನ್ನಡಇತಿಹಾಸ #ಗ್ರಾಹಕಹಕ್ಕು